ಹಳೆಯ ರೇಡಿಯೊದ ಬೆನ್ನಿಗೆ ಗಿಟಾರು

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಹುಡುಗರು ಆಂಪ್ಲಿಫೈಯರ್ ವಿಚಾರದಲ್ಲಿ ನನ್ನನ್ನು ಮೊದಲು ಕೇಳುವುದು ವ್ಯಾಟಿನ ಲೆಕ್ಕ. ಹದಿನೈದು ಸಾಕಾ, ಮೂವತ್ತು ಬೇಕಾ ಎನ್ನುತ್ತಾರೆ. ನಾನು ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡು, ಸುತ್ತಲ ಊರುಗಳ ಮದುವೆಗೆ, ಕುರುಕ್ಷೇತ್ರ ನಾಟಕಕ್ಕೆ ಮೈಕ್ ಸೆಟ್ ಕಟ್ಟಿಕೊಂಡು ಬದುಕಿದವನು. ಮೈಕ್ ಸೆಟ್ಟಿನವನಿಗೆ ವ್ಯಾಟ್ ಹೆಚ್ಚಿದ್ದಷ್ಟೂ ಅನುಕೂಲ. ಬಯಲಿನ ಕೊನೆಯಲ್ಲಿ ಚಾಪೆ ಹಾಸಿ ಕೂತವರಿಗೂ ದುರ್ಯೋಧನನ ಕಂದ ಮುಟ್ಟಬೇಕು, ಹಾರ್ಮೋನಿಯಂ ಮೇಷ್ಟ್ರ ಶ್ರುತಿ ಮುಟ್ಟಬೇಕು. ಮನೆಯ ಕೋಣೆಯಲ್ಲಿ ಗಿಟಾರ್ ಹಿಡಿದು ಕೂತವನಿಗೆ ಈ ಲೆಕ್ಕ ಪೂರ್ತಿ ತಲೆಕೆಳಗು. ಅವನಿಗೆ ಅರ್ಧ ವ್ಯಾಟೂ ಬೇಡ. ಹಾಗೆಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ಗಿಟಾರಿಗೆಂದು ಮಾಡಿದ ಸ್ಪೀಕರುಗಳು ತುಂಬ ಚುರುಕು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 97 ಡೆಸಿಬಲ್ ಸದ್ದು ಬರುವುದು ಅವುಗಳಲ್ಲಿ ಸಾಮಾನ್ಯ. ಅದೇ ಸ್ಪೀಕರಿಗೆ 5 ವ್ಯಾಟ್ ಕೊಟ್ಟರೆ 104, 50 ವ್ಯಾಟ್ ಕೊಟ್ಟರೆ 114. ವ್ಯಾಟ್ ಹತ್ತು ಪಟ್ಟು ಹೆಚ್ಚಿದರೆ ಡೆಸಿಬಲ್ ಹತ್ತು ಏರುತ್ತದೆ. ಕಿವಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೇಳುತ್ತದೆ, ಅಷ್ಟೆ. ಇಬ್ಬರು ಎದುರುಬದುರು ಕೂತು ಆಡುವ ಮಾತು 60 ಡೆಸಿಬಲ್ ಆಸುಪಾಸು. ಮನೆಯಲ್ಲಿ ಹಿತವಾಗಿ ನುಡಿಸಲು 75 ಧಾರಾಳ. 97ರಿಂದ 75ಕ್ಕೆ ಇಳಿಯಬೇಕಾದರೆ ಒಂದು ವ್ಯಾಟನ್ನು ಸುಮಾರು 160 ಭಾಗ ಮಾಡಿ ಅದರಲ್ಲಿ ಒಂದು ಭಾಗ ಕೊಡಬೇಕು. ಎಂದರೆ ಆರು ಮಿಲಿವ್ಯಾಟ್. ಐದು ವ್ಯಾಟಿನ ಪುಟ್ಟ ಪೆಟ್ಟಿಗೆಯನ್ನು ಪೂರ್ತಿ ತಿರುಗಿಸಿದರೆ ಹಟ್ಟಿಯಲ್ಲಿ ಕಟ್ಟಿದ ಹಸು ಬೆದರುವುದು ಇದಕ್ಕೇ. 2000ರ ಶಬ್ದ ಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಇಟ್ಟ ಮಿತಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ನಡುವೆ ಒಂದು ಗೋಡೆ ಮಾತ್ರ ಇರುವ ನಮ್ಮ ಬೀದಿಗಳಲ್ಲಿ ಈ ಸಂಖ್ಯೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಪ್ಲಗ್ ಹಾಕಬೇಕು.

ದೊಡ್ಡ ವ್ಯಾಟಿನ ಆಂಪ್ ಹುಟ್ಟಿದ್ದಕ್ಕೆ ಕಾರಣ ಬೇರೆ. ಅಮೆರಿಕದ ಫೆಂಡರ್ ಕಂಪನಿ 1948ರಲ್ಲಿ ಕಲಿಯುವವರಿಗೆಂದು ತಂದ ಚಾಂಪಿಯನ್ ಎಂಬ ಪೆಟ್ಟಿಗೆ, ಮುಂದೆ ಚಾಂಪ್ ಎಂದು ಹೆಸರಾದದ್ದು, ಕೊಡುತ್ತಿದ್ದದ್ದು ಕೆಲವೇ ವ್ಯಾಟ್. ಆಮೇಲೆ ರಾಕ್ ಸಂಗೀತ ದೊಡ್ಡ ಸಭಾಂಗಣಗಳಿಗೆ ಹೋಯಿತು. ಅಲ್ಲಿ ಗಿಟಾರಿನ ಮುಂದೆ ಮೈಕ್ ಇಟ್ಟು ಎಲ್ಲರಿಗೂ ಕೇಳಿಸುವ ಏರ್ಪಾಟು ಆಗ ಇರಲಿಲ್ಲ, ಆಂಪೇ ಇಡೀ ಸಭೆಯನ್ನು ತುಂಬಬೇಕಿತ್ತು. ಲಂಡನ್ನಿನ ಜಿಮ್ ಮಾರ್ಷಲ್ 1965ರ ಹೊತ್ತಿಗೆ 'ದಿ ಹೂ' ತಂಡಕ್ಕಾಗಿ ನೂರು ವ್ಯಾಟಿನದನ್ನು ಕಟ್ಟಿಕೊಟ್ಟದ್ದು ಈ ಅಗತ್ಯಕ್ಕೆ. ರೆಕಾರ್ಡಿಂಗ್ ಕೋಣೆಯಲ್ಲಿ ಮಾತ್ರ ಚಿಕ್ಕ ಪೆಟ್ಟಿಗೆಗಳ ಮರ್ಯಾದೆ ಕಡಿಮೆಯಾಗಲಿಲ್ಲ. ಎರಿಕ್ ಕ್ಲಾಪ್ಟನ್ 1970ರಲ್ಲಿ ಲೈಲಾ ಆಲ್ಬಮ್ಮಿಗೆ ನುಡಿಸಿದ್ದು ಆ ಐದು ವ್ಯಾಟಿನ ಚಾಂಪ್ ಇಟ್ಟುಕೊಂಡು.

ಇನ್ನು ವಾಲ್ವ್ ಯಾಕೆ ಬೇಕು? ಟ್ರಾನ್ಸಿಸ್ಟರ್ ಬಂದು ಅರವತ್ತು ವರ್ಷ ದಾಟಿದ ಮೇಲೂ ಗಿಟಾರಿನವರು ಕಾಯುವ ಗಾಜಿನ ಬುರುಡೆಯನ್ನು ಯಾಕೆ ಬಿಡುತ್ತಿಲ್ಲ?

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಕೆಂಪಗೆ ಕಾಯುವ ಕ್ಯಾಥೋಡು, ಸುತ್ತ ಲೋಹದ ತಗಡಿನ ಪ್ಲೇಟು, ಎರಡರ ನಡುವೆ ಸಣ್ಣ ತಂತಿ ಸುತ್ತಿದ ಗ್ರಿಡ್ಡು. 1904ರಲ್ಲಿ ಫ್ಲೆಮಿಂಗ್ ಎಂಬಾತ ಎರಡು ಅಂಗಗಳ ವಾಲ್ವ್ ಮಾಡಿದ. 1906ರಲ್ಲಿ ಲೀ ಡಿ ಫಾರೆಸ್ಟ್ ನಡುವೆ ಮೂರನೆಯ ಅಂಗವನ್ನು ಸೇರಿಸಿದ. ಆ ಮೂರನೆಯದೇ ಗ್ರಿಡ್. ಕ್ಯಾಥೋಡಿನಿಂದ ಪ್ಲೇಟಿಗೆ ಎಲೆಕ್ಟ್ರಾನುಗಳ ಹೊಳೆ ಹರಿಯುತ್ತಿರುತ್ತದೆ. ಕೆರೆಯ ತೂಬನ್ನು ನೀರುಗಂಟಿ ಬೆರಳಗಲ ಎತ್ತಿದರೆ ಬಯಲಿಗೆಲ್ಲ ನೀರು ಹರಿಯುವ ಹಾಗೆ, ಗ್ರಿಡ್ಡಿನ ಮೇಲೆ ಗಿಟಾರಿನ ತಂತಿ ಎಬ್ಬಿಸಿದ ಒಂದಿಷ್ಟು ಮಿಲಿವೋಲ್ಟು ಆ ಹೊಳೆಯನ್ನು ಏರಿಸುತ್ತದೆ, ಇಳಿಸುತ್ತದೆ. ಗಿಟಾರ್ ಆಂಪುಗಳಲ್ಲಿ ಎಲ್ಲೆಲ್ಲೂ ಕಾಣುವ ಇಸಿಸಿ83 ಎಂಬ ವಾಲ್ವು (ಅಮೆರಿಕದವರು ಇದನ್ನೇ 12ಎಎಕ್ಸ್7 ಎನ್ನುತ್ತಾರೆ) ಒಂದೇ ಬುರುಡೆಯೊಳಗೆ ಇಂಥ ಎರಡು ವ್ಯವಸ್ಥೆಗಳನ್ನು ಇಟ್ಟುಕೊಂಡಿದೆ. ಒಂದೊಂದೂ ಬಂದ ಸಿಗ್ನಲ್ಲನ್ನು ಐವತ್ತು ಅರವತ್ತು ಪಟ್ಟು ಹಿಗ್ಗಿಸುತ್ತದೆ.

ಹಿಗ್ಗಿಸುವುದಕ್ಕೂ ಮಿತಿ ಉಂಟು. ಮಿತಿ ಮೀರಿ ತಳ್ಳಿದರೆ ಅಲೆಯ ತಲೆ ಚಪ್ಪಟೆಯಾಗುತ್ತದೆ, ದನಿ ಒಡೆಯುತ್ತದೆ. ನಾಟಕದ ಮೈಕಿನಲ್ಲಿ ದನಿ ಒಡೆದರೆ ಊರವರು ನನ್ನನ್ನು ಬೈಯುತ್ತಿದ್ದರು. ಗಿಟಾರಿನಲ್ಲಿ ಅದೇ ಬೇಕು. ವಾಲ್ವಿನಲ್ಲಿ ಈ ಒಡೆಯುವಿಕೆ ಮೆಲ್ಲಗೆ ಶುರುವಾಗುತ್ತದೆ. ಹಗುರಕ್ಕೆ ಮೀಟಿದರೆ ಸ್ವರ ತಿಳಿಯಾಗಿರುತ್ತದೆ, ಬಿಗಿಯಾಗಿ ಮೀಟಿದರೆ ದಪ್ಪಗಾಗಿ ಒರಟು ತುಂಬಿಕೊಳ್ಳುತ್ತದೆ, ಹಿಡಿದ ಸ್ವರ ಬೇಗ ಸಾಯುವುದಿಲ್ಲ. ಇದು ನುಡಿಸುವವನ ಬೆರಳಿಗೆ ಗೊತ್ತಾಗುವ ಸುಖ. ಕೇಳುವವರಿಗಿಂತ ನುಡಿಸುವವರು ವಾಲ್ವಿಗೆ ಹೆಚ್ಚು ಅಂಟಿಕೊಂಡಿರುವುದು ಅದರಿಂದಲೇ ಎಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಬರುವ ತೊಡಕು ಇಲ್ಲಿಯದೇ. ಆಂಪಿನೊಳಗೆ ದನಿ ಒಡೆಯುವ ಜಾಗ ಒಂದೇ ಅಲ್ಲ. ಮೊದಲ ಹಂತ ಪ್ರೀಆಂಪು. ಗಿಟಾರಿನಿಂದ ಬಂದ ನೂರು ಮಿಲಿವೋಲ್ಟಿನ ಸಿಗ್ನಲ್ಲನ್ನು ಏರಿಸಿ, ಬೇಸು, ಮಿಡ್ಡು, ಟ್ರೆಬಲ್ ತಿದ್ದುವುದು ಅದರ ಕೆಲಸ. ಎರಡನೆಯದು ಪವರ್ ವಾಲ್ವು. ಮೂರನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ನಾಲ್ಕನೆಯದು ಸ್ಪೀಕರಿನ ಕಾಗದ. ನಾಲ್ಕೂ ಒಟ್ಟಿಗೆ ದುಡಿದಾಗ ಬರುವ ದನಿಯೇ ರೆಕಾರ್ಡುಗಳಲ್ಲಿ ನಾವು ಕೇಳಿದ್ದು. ಕೊನೆಯ ಮೂರನ್ನೂ ದುಡಿಸಬೇಕಾದರೆ ಆಂಪನ್ನು ಪೂರ್ತಿ ತಿರುಗಿಸಬೇಕು, ಪೂರ್ತಿ ತಿರುಗಿಸಿದರೆ ಐದು ವ್ಯಾಟೂ ಕೋಣೆಗೆ ಅತಿ. ಹಾಗಾಗಿ ಮನೆಯಲ್ಲಿ ನುಡಿಸುವವನ ಕೈಗೆ ಸಲೀಸಾಗಿ ಸಿಗುವುದು ಮೊದಲ ಹಂತ ಒಂದೇ. ಅಲ್ಲಿ ಒಂದು ವಾಲ್ವು ಇನ್ನೊಂದನ್ನು ಜೋರಾಗಿ ತಳ್ಳಲಿ, ದನಿ ಅಲ್ಲೇ ಒಡೆಯಲಿ, ಆಮೇಲೆ ಒಂದು ವಾಲ್ಯೂಮ್ ಇಟ್ಟು ತಗ್ಗಿಸಿ ಪವರ್ ವಾಲ್ವಿಗೆ ಚೂರೇ ಚೂರು ಕಳಿಸಿದರೆ ಆಯಿತು. ಮನೆಯಲ್ಲಿ ಪ್ರೀಆಂಪನ್ನು ಬೇರೆ ಡಬ್ಬಿಯಾಗಿ ಇಟ್ಟುಕೊಳ್ಳುವ ಪದ್ಧತಿಗೆ ಇದೇ ಆಧಾರ. ಡಬ್ಬಿ ಬೇರೆಯಾದರೆ ಆಂಪನ್ನು ಬದಲಿಸದೆಯೇ ದನಿಯ ಜಾತಿಯನ್ನು ಬದಲಿಸಬಹುದು.

ನನ್ನ ತಮ್ಮನ ಮಗ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ, ವಾರದಲ್ಲಿ ಕೆಲವು ದಿನ ಊರಿನಿಂದಲೇ ಕೆಲಸ. ಗಿಟಾರ್ ಚೆನ್ನಾಗಿ ನುಡಿಸುತ್ತಾನೆ. ಅಟ್ಟದ ಮೇಲಿದ್ದ ಅವನ ತಾತನ ರೇಡಿಯೊವನ್ನು ಒಂದು ದಿನ ಇಳಿಸಿಕೊಂಡು ನನ್ನ ಅಂಗಡಿಗೆ ತಂದ.

"ದೊಡ್ಡಪ್ಪ, ಇದ್ರಲ್ಲಿ ಗಿಟಾರ್ ಹಾಕ್ಬೋದಾ?"

"ಹಿಂದ್ಗಡೆ ರಟ್ಟು ಬಿಚ್ಚು. ವಾಲ್ವ್ ಮೇಲಿನ ಹೆಸ್ರು ಓದು."

"ಇಎಲ್84 ಅಂತ ಐತೆ."

"ಹಂಗಾದ್ರೆ ನೋಡಾಣ. ಯು ಅಂತ ಶುರುವಾಗಿದ್ರೆ ಮುಟ್ಟಾಕೂ ಬಿಡ್ತಿರ್ಲಿಲ್ಲ."

ಆ ಅಕ್ಷರಗಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಯಾಕೆಂದರೆ ಅದು ಜೀವದ ಪ್ರಶ್ನೆ. ಯುರೋಪಿನ ಪದ್ಧತಿಯಲ್ಲಿ ವಾಲ್ವಿನ ಹೆಸರಿನ ಮೊದಲ ಅಕ್ಷರ ಅದನ್ನು ಕಾಯಿಸುವ ಬಗೆಯನ್ನು ಹೇಳುತ್ತದೆ. ಇ ಎಂದರೆ 6.3 ವೋಲ್ಟು. ಯು ಎಂದರೆ ನೂರು ಮಿಲಿಆಂಪಿಯರ್, ಎಲ್ಲ ವಾಲ್ವುಗಳನ್ನೂ ಸಾಲಾಗಿ ಜೋಡಿಸಿ ನೇರ ಕರೆಂಟಿಗೆ ಕೊಟ್ಟದ್ದು. ಮುಂದಿನ ಅಕ್ಷರಗಳು ಒಳಗಿನ ಅಂಗಗಳನ್ನು ಹೇಳುತ್ತವೆ: ಸಿ ಎಂದರೆ ಮೂರು ಅಂಗದ ಟ್ರಯೋಡು, ಎಲ್ ಎಂದರೆ ಸ್ಪೀಕರ್ ಓಡಿಸುವ ಪವರ್ ಪೆಂಟೋಡು, ಜೆಡ್ ಎಂದರೆ ಏಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರು. ಸಂಖ್ಯೆ 8ರಿಂದ ಶುರುವಾದರೆ ಒಂಬತ್ತು ಪಿನ್ನು. ಇಷ್ಟು ಗೊತ್ತಿದ್ದರೆ ಇಸಿಸಿ83 ಎಂಬ ಹೆಸರೇ ಅದರ ಜಾತಕ ಹೇಳುತ್ತದೆ.

ಯು ಜಾತಿಯ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಏಸಿ, ಡಿಸಿ ಎರಡರಲ್ಲೂ ಓಡಲಿ, ಅಗ್ಗವಾಗಲಿ ಎಂದು ಮಾಡಿದ ಸೆಟ್ಟುಗಳವು. ಗೋಡೆಯ ಕರೆಂಟಿನ ಒಂದು ತಂತಿ ನೇರ ಕಬ್ಬಿಣದ ಚಾಸಿಗೇ ಬಂದು ಸೇರಿರುತ್ತದೆ. ರೇಡಿಯೊವಾಗಿ ಬಳಸುವಾಗ ಸುತ್ತ ಮರದ ಪೆಟ್ಟಿಗೆ, ಬಿರಡೆಗೆ ಬೇಕಲೈಟು ಇರುವುದರಿಂದ ಕೈಗೆ ತಾಗುವುದಿಲ್ಲ. ಅದಕ್ಕೆ ಗಿಟಾರ್ ಜೋಡಿಸಿದರೆ ಚಾಸಿಯ ಕರೆಂಟು ಕೇಬಲ್ಲಿನ ಹೊರಕವಚದ ಮೂಲಕ ಗಿಟಾರಿನ ತಂತಿಗೇ ಬರುತ್ತದೆ. ಪ್ಲಗ್ ತಿರುವುಮುರುವಾಗಿ ಹಾಕಿದ್ದರೆ ತಂತಿಯ ಮೇಲೆ 230 ವೋಲ್ಟು, ನುಡಿಸುವವನ ಬರಿಗಾಲು ಸಗಣಿ ಸಾರಿಸಿದ ನೆಲದ ಮೇಲೆ. ಆದ್ದರಿಂದ ಯು ಜಾತಿಯ ಸೆಟ್ಟಿಗೆ ಗಿಟಾರ್ ಬೇಡವೇ ಬೇಡ. ಇ ಜಾತಿಯಲ್ಲೂ ಕೆಲವು ಸೆಟ್ಟುಗಳಿಗೆ ಆಟೊಟ್ರಾನ್ಸ್‌ಫಾರ್ಮರ್ ಹಾಕಿರುತ್ತಾರೆ, ಅದೂ ಅಷ್ಟೇ ಅಪಾಯ. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಸ್ವಿಚ್ ಆನ್ ಮಾಡಿಟ್ಟು, ಪ್ಲಗ್ಗಿನ ಎರಡೂ ಪಿನ್ನಿಗೂ ಚಾಸಿಗೂ ನಡುವೆ ಮೀಟರ್ ಹಿಡಿಯಬೇಕು. ಸಂಪರ್ಕ ಕಾಣಿಸಿದರೆ ಸೆಟ್ಟನ್ನು ಹಾಗೇ ಮುಚ್ಚಿಡಿ.

ತಾತನ ಸೆಟ್ಟು ಪಾಸಾಯಿತು. ಅದರ ಪವರ್ ವಾಲ್ವಿನ ಗಾಜಿನ ಮೇಲೆ ಅರ್ಧ ಅಳಿಸಿದ ಬಿಳಿ ಅಕ್ಷರದಲ್ಲಿ ಬಿಇಎಲ್ ಎಂದಿತ್ತು. ಇದನ್ನು ನೋಡಿ ನನಗೆ ಆದ ಸಂತೋಷವನ್ನು ಹುಡುಗನಿಗೆ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿ ಸ್ಥಾಪನೆಯಾದದ್ದು 1954ರಲ್ಲಿ. ಜಾಲಹಳ್ಳಿಯ ಆ ಕಾರ್ಖಾನೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿಯ ತಾಂತ್ರಿಕ ನೆರವಿನಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ, 1962ರಲ್ಲಿ, ಅದೇ ಫಿಲಿಪ್ಸ್ ನೆರವಿನಿಂದ ಜರ್ಮೇನಿಯಂ ಸೆಮಿಕಂಡಕ್ಟರುಗಳೂ ಅಲ್ಲಿ ತಯಾರಾಗತೊಡಗಿದವು. ವಾಲ್ವನ್ನು ಮನೆಯಿಂದ ಹೊರಗೆ ಹಾಕಿದ ಟ್ರಾನ್ಸಿಸ್ಟರು ಅದೇ ಕಾಂಪೌಂಡಿನಲ್ಲಿ ಒಂದೇ ವರ್ಷದ ಅಂತರದಲ್ಲಿ ಬಂತು. ಕರೆಂಟೇ ಇಲ್ಲದ ಹಳ್ಳಿಗಳಿಗೆ ಸೆಲ್ಲಿನಲ್ಲಿ ಓಡುವ ಟ್ರಾನ್ಸಿಸ್ಟರ್ ರೇಡಿಯೊ ವರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಕೆಲಸ ಕಲಿಸಿದ ಚಿಕ್ಕಪ್ಪ ಮಾತ್ರ ಕೊನೆಯವರೆಗೂ ಬಿಇಎಲ್ ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದರು.

ಇಎಲ್84 ರೇಡಿಯೊಗೆಂದೇ ಹುಟ್ಟಿದ್ದು. ಒಂದೇ ವಾಲ್ವು ಐದು ವ್ಯಾಟಿನವರೆಗೆ ಕೊಡುತ್ತದೆ. ಇಂಗ್ಲೆಂಡಿನ ವಾಕ್ಸ್ ಕಂಪನಿ ಇದೇ ವಾಲ್ವನ್ನು ಎರಡು ಹಾಕಿ 1958ರಲ್ಲಿ ಹದಿನೈದು ವ್ಯಾಟಿನ ಏಸಿ15 ಎಂಬ ಗಿಟಾರ್ ಆಂಪು ತಂದಿತು, ಆಮೇಲೆ ನಾಲ್ಕು ಹಾಕಿ ಏಸಿ30 ತಂದಿತು. ಬೀಟಲ್ಸ್ ತಂಡದವರು ನುಡಿಸಿದ್ದು ಆ ಏಸಿ30ರ ಮೂಲಕ. ಜಾಲಹಳ್ಳಿಯ ಹೆಂಗಸರು ಗಂಡಸರು ಜೋಡಿಸಿದ ಬುರುಡೆಯೂ ಬೀಟಲ್ಸ್ ಆಂಪಿನ ಬುರುಡೆಯೂ ಒಂದೇ ನಕ್ಷೆಯವು. ನಮ್ಮ ಸೀಮೆಯ ಎಷ್ಟೋ ಅಟ್ಟಗಳ ಮೇಲೆ ಮನೆಗೆ ಹೇಳಿಮಾಡಿಸಿದ ಗಿಟಾರ್ ಪವರ್ ಆಂಪು ದೂಳು ಹಿಡಿದು ಕೂತಿದೆ ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಗಿಟಾರನ್ನು ಅದಕ್ಕೆ ಸೇರಿಸುವ ದಾರಿಯನ್ನೂ ರೇಡಿಯೊ ಮಾಡಿದವರೇ ಇಟ್ಟಿದ್ದಾರೆ. ಸೆಟ್ಟಿನ ಬೆನ್ನಿನ ಮೇಲೆ ಗ್ರಾಮಫೋನ್ ಜೋಡಿಸಲು ಎರಡು ತೂತು ಇರುತ್ತವೆ. ನಾವು ಅದನ್ನು ಗ್ರಾಮ್ ಸಾಕೆಟ್ ಎನ್ನುತ್ತೇವೆ. ಆ ಕಾಲದ ಗ್ರಾಮಫೋನಿನ ಕ್ರಿಸ್ಟಲ್ ಪಿಕಪ್ಪು ಅರ್ಧ ವೋಲ್ಟಿನ ಆಸುಪಾಸು ಕೊಡುತ್ತಿತ್ತು. ಗಿಟಾರು ಅಷ್ಟು ಕೊಡುವುದಿಲ್ಲ. ನೇರ ಚುಚ್ಚಿದರೆ ದನಿಯೇನೋ ಬರುತ್ತದೆ, ಆದರೆ ಬಡಕಲು. ರೇಡಿಯೊದ ಟೋನ್ ಬಿರಡೆ ತೀಕ್ಷ್ಣತೆಯನ್ನು ಕಡಿಮೆ ಮಾಡಬಲ್ಲುದೇ ಹೊರತು ಗಿಟಾರಿಗೆ ಬೇಕಾದ ಹಾಗೆ ಬೇಸು, ಮಿಡ್ಡು ತಿದ್ದಲಾರದು. ಹೊರಗಿನ ಪ್ರೀಆಂಪಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು.

ಹುಡುಗನಿಗೆ ಒಂದು ಇಸಿಸಿ83 ಹಾಕಿ ಪ್ರೀಆಂಪ್ ಕಟ್ಟಿಕೊಟ್ಟೆ. ನಕ್ಷೆ ಫೆಂಡರಿನವರದೇ ಹಳೆಯ ದಾರಿ: ಗಿಟಾರ್ ಬರುವ ಜಾಗದಲ್ಲಿ ಒಂದು ಮೆಗಾಓಮ್ ರೆಸಿಸ್ಟರು, ಗ್ರಿಡ್ಡಿಗೆ 68 ಕಿಲೋಓಮು, ಪ್ಲೇಟಿಗೆ 100 ಕಿಲೋಓಮು, ಕ್ಯಾಥೋಡಿಗೆ 1.5 ಕಿಲೋಓಮು. ಮೊದಲ ಅರ್ಧ ವಾಲ್ವು ಹಿಗ್ಗಿಸಿದ್ದನ್ನು ಬೇಸು, ಮಿಡ್ಡು, ಟ್ರೆಬಲ್ಲಿನ ಜಾಲ ಬಹುಪಾಲು ತಿಂದುಬಿಡುತ್ತದೆ, ಎರಡನೆಯ ಅರ್ಧ ಅದನ್ನು ಮತ್ತೆ ಎತ್ತಿ ಹಿಡಿಯುತ್ತದೆ. ಕೊನೆಗೊಂದು ವಾಲ್ಯೂಮು. ರೆಸಿಸ್ಟರು, ಕಂಡೆನ್ಸರುಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ಬಿರಡೆಗಳನ್ನು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಹತ್ತಿರ ಹಾಲೆ ಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸಿದೆ. ಬೇಸಿಗೆ ಕೆಂಪು, ಮಿಡ್ಡಿಗೆ ಹಳದಿ, ಟ್ರೆಬಲ್ಲಿಗೆ ಹಸಿರು. ಮರದ ಬಿರಡೆ ಕರೆಂಟು ಹಾಯಿಸದು, ಕೈಗೆ ಹಿತ. ಅಂಗಡಿಯ ಪ್ಲಾಸ್ಟಿಕ್ ಬಿರಡೆಗಿಂತ ಇದು ನನಗೆ ನೂರು ಪಾಲು ಇಷ್ಟ.

ಎಲ್ಲರೂ ಹೀಗೆ ಕಟ್ಟಿಸಬೇಕೆಂದಿಲ್ಲ. ಸಿದ್ಧ ಪ್ರೀಆಂಪುಗಳು ಈಗ ಕಾಲಿನಲ್ಲಿ ತುಳಿಯುವ ಡಬ್ಬಿಯ ರೂಪದಲ್ಲಿ ಸಿಗುತ್ತವೆ. ಅವುಗಳಲ್ಲಿ ಎರಡು ಜಾತಿ. ಕೆಲವು ಒಳಗೆ ವಾಲ್ವ್ ಇಟ್ಟು ಅದಕ್ಕೆ ಹನ್ನೆರಡೋ ಇಪ್ಪತ್ತೋ ವೋಲ್ಟು ಮಾತ್ರ ಕೊಡುತ್ತವೆ. ಕೆಲವು ಡಬ್ಬಿಯೊಳಗೇ ವೋಲ್ಟೇಜ್ ಏರಿಸಿ ವಾಲ್ವಿಗೆ ಇನ್ನೂರು ದಾಟಿಸಿ ಕೊಡುತ್ತವೆ. ಕಡಿಮೆ ವೋಲ್ಟಿನಲ್ಲಿ ವಾಲ್ವಿನ ದನಿ ಬೇಗ ಒಡೆಯುತ್ತದೆ, ತಿಳಿಯಾದ ದನಿಗೆ ಜಾಗವೇ ಉಳಿಯುವುದಿಲ್ಲ. ಕಿಟಕಿಯಲ್ಲಿ ವಾಲ್ವ್ ಕಾಣಿಸುತ್ತದೆ ಎಂಬ ಒಂದೇ ಕಾರಣಕ್ಕೆ ದುಡ್ಡು ಸುರಿಯಬೇಡಿ ಎನ್ನುತ್ತೇನೆ. ವಾಲ್ವೇ ಇಲ್ಲದ ಪ್ರೀಆಂಪನ್ನೂ ನಾನು ಕಡೆಗಣಿಸುವುದಿಲ್ಲ. 1989ರಲ್ಲಿ ಬಂದ ಸ್ಯಾನ್ಸ್‌ಆಂಪ್ ಎಂಬ ಡಬ್ಬಿಯಲ್ಲಿ ಒಂದೂ ವಾಲ್ವ್ ಇರಲಿಲ್ಲ, ಆದರೂ ವಾಲ್ವ್ ಆಂಪಿನ ದನಿ ಅದರಿಂದ ಹೊರಟಿತು. ಅಂಥದ್ದನ್ನು ಒಂದು ಇಎಲ್84ರ ಮುಂದೆ ಇಟ್ಟರೆ ಸೊಗಸಾಗಿ ಹೊಂದುತ್ತದೆ.

ಹೊಸ ವಾಲ್ವ್ ಆಂಪನ್ನೇ ಕೊಂಡವರು ಹೊರಗಿನ ಪ್ರೀಆಂಪನ್ನು ಎಲ್ಲಿಗೆ ಚುಚ್ಚಬೇಕು ಎಂಬುದನ್ನು ನೋಡಿಕೊಳ್ಳಬೇಕು. ಹಿಂದೆ ರಿಟರ್ನ್ ಎಂದು ಬರೆದ ತೂತಿದ್ದರೆ ಅದೇ ಸರಿಯಾದ ಜಾಗ. ಅಲ್ಲಿ ಚುಚ್ಚಿದರೆ ಆಂಪಿನ ಸ್ವಂತ ಪ್ರೀಆಂಪು ದಾರಿಯಿಂದ ಸರಿದು ನಿಮ್ಮ ಡಬ್ಬಿಯ ದನಿ ನೇರ ಪವರ್ ವಾಲ್ವಿಗೆ ಹೋಗುತ್ತದೆ. ಮುಂದಿನ ಗಿಟಾರ್ ತೂತಿಗೆ ಹಾಕಿದರೆ ಪ್ರೀಆಂಪಿನ ಮೇಲೆ ಪ್ರೀಆಂಪು ಬಂದು, ಎರಡು ಬಾರಿ ತಿದ್ದಿದ ದನಿ ಮಬ್ಬಾಗುತ್ತದೆ. ರಿಟರ್ನ್ ಇಲ್ಲದ ಚಿಕ್ಕ ಆಂಪಿನಲ್ಲಿ ಅದರ ಬಿರಡೆಗಳನ್ನು ಸಾಧ್ಯವಾದಷ್ಟು ತಗ್ಗಿಸಿಟ್ಟು, ಡಬ್ಬಿಯ ವಾಲ್ಯೂಮನ್ನು ಕೊಂಚವೇ ತೆರೆದು ಸಂಭಾಳಿಸಬೇಕು.

ಹಳೆಯ ಸೆಟ್ಟಿಗೆ ಮರಳುತ್ತೇನೆ. ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ರೇಡಿಯೊವನ್ನು ಗೋಡೆಗೆ ನೇರ ಹಾಕಲೇಬಾರದು. ರೇಡಿಯೊ ರಿಪೇರಿಯವರೆಲ್ಲರ ಹತ್ತಿರವೂ ಒಂದು ಸೀರೀಸ್ ಬೋರ್ಡು ಇರುತ್ತದೆ, ಎಂದರೆ ಸೆಟ್ಟಿಗೆ ಹೋಗುವ ಕರೆಂಟು ಒಂದು ಅರವತ್ತೋ ನೂರೋ ವ್ಯಾಟಿನ ಹಳೆಯ ಬಲ್ಬಿನ ಮೂಲಕವೇ ಹೋಗುವ ವ್ಯವಸ್ಥೆ. ಒಳಗೆ ಶಾರ್ಟಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಸರಿಯಿದ್ದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗುತ್ತದೆ. ಇದಕ್ಕೆ ತಂತಿ ಕಾಯುವ ಹಳೆಯ ಬಲ್ಬೇ ಬೇಕು, ಎಲ್ಇಡಿ ಬಲ್ಬು ಕೆಲಸಕ್ಕೆ ಬಾರದು. ಆಮೇಲೆ ಕಂಡೆನ್ಸರುಗಳು. ದೊಡ್ಡ ಫಿಲ್ಟರ್ ಕಂಡೆನ್ಸರುಗಳು ಒಣಗಿರುತ್ತವೆ, ಅದರಿಂದಲೇ ಗುಂಯ್ ಎನ್ನುವ ಹಮ್ಮಿಂಗು. ಅದಕ್ಕಿಂತ ಮುಖ್ಯವಾದದ್ದು ಇಎಲ್84ರ ಗ್ರಿಡ್ಡಿಗೆ ದನಿ ತಂದುಕೊಡುವ ಕಾಗದದ ಪುಟ್ಟ ಕಂಡೆನ್ಸರು. ಅದು ಸೋರಿದರೆ ಹಿಂದಿನ ಹಂತದ ಡಿಸಿ ವೋಲ್ಟು ಗ್ರಿಡ್ಡಿಗೆ ಬಂದು, ವಾಲ್ವು ಮಿತಿ ಮೀರಿ ಎಳೆದು, ಪ್ಲೇಟು ಕೆಂಪಾಗಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಕೆಲವೇ ರೂಪಾಯಿಯ ಆ ಕಂಡೆನ್ಸರನ್ನು ಪರೀಕ್ಷೆಯನ್ನೂ ಮಾಡದೆ ನಾನು ಬದಲಿಸಿಬಿಡುತ್ತೇನೆ.

ಒಳಗೆ 250ರಿಂದ 300 ವೋಲ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ಐದು ವ್ಯಾಟಿನ 10 ಕಿಲೋಓಮ್ ರೆಸಿಸ್ಟರಿನ ಎರಡೂ ತುದಿಗೆ ರಬ್ಬರ್ ತೊಡಿಸಿದ ಕ್ಲಿಪ್ ಹಾಕಿ, ಅದರಿಂದ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಇಡಬೇಕು. ಚಿಕ್ಕಪ್ಪ ಕರೆಂಟಿರುವ ಸೆಟ್ಟಿನಲ್ಲಿ ವೋಲ್ಟು ನೋಡುವಾಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟು ಹಾಯಬೇಕಾದರೆ ಎದೆಯ ಮೂಲಕವೇ ಹೋಗಬೇಕಲ್ಲ. ಇಷ್ಟು ಓದಿ ಧೈರ್ಯ ಬಂತೆಂದು ಯಾರೂ ಸ್ವತಃ ಬಿಚ್ಚಲು ಹೋಗಬೇಡಿ, ಕೈ ಪಳಗಿದವರ ಹತ್ತಿರ ಒಯ್ಯಿರಿ. ಇನ್ನೊಂದು ಮಾತು, ಇದು ಎಲ್ಲ ವಾಲ್ವ್ ಆಂಪಿಗೂ ಸೇರಿದ್ದು: ಸ್ಪೀಕರ್ ಜೋಡಿಸದೆ ನುಡಿಸಬಾರದು. ಹೊರೆ ಇಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಸಿಕ್ಕಾಪಟ್ಟೆ ಏರಿ ಸುರುಳಿಯ ಇನ್ಸುಲೇಷನ್ನೇ ಸುಟ್ಟುಹೋಗಬಹುದು.

ರೇಡಿಯೊಗಳಿಗೆ ಬರುತ್ತಿದ್ದದ್ದು ಎರಡೇ ತಂತಿಯ ವೈರು. ಗಿಟಾರಿಗೆ ಬಳಸುವುದಾದರೆ ಮೂರು ತಂತಿಯದು ಹಾಕಿ ಚಾಸಿಗೆ ಅರ್ತ್ ಕೊಡಲೇಬೇಕು. ಆ ಅರ್ತ್ ನಿಜವಾಗಿ ಭೂಮಿಗೆ ಸೇರಿದೆಯೇ ಎಂಬುದು ಹಳ್ಳಿಯಲ್ಲಿ ಪ್ರತ್ಯೇಕ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಸಾವನದುರ್ಗದ ಸೀಮೆಯ ನೆಲ ಬಂಡೆ, ಮೇಲೆ ತೆಳ್ಳನೆ ಕೆಮ್ಮಣ್ಣು. ಬೇಸಿಗೆಯಲ್ಲಿ ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಗುಂಡಿ ತೆಗೆದು ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಮರೆಯಬಾರದು. ಹುಡುಗನ ಗಿಟಾರಿನ ಹಮ್ಮಿಂಗಿನಲ್ಲಿ ಅರ್ಧ ಹೋದದ್ದು ಕಂಡೆನ್ಸರಿನಿಂದ, ಉಳಿದರ್ಧ ಹೋದದ್ದು ಅರ್ತ್ ಗುಂಡಿಗೆ ಬಿಂದಿಗೆ ನೀರು ಬಿದ್ದ ಮೇಲೆ.

ವೋಲ್ಟೇಜಿನ ಏರಿಳಿತವೂ ವಾಲ್ವಿಗೆ ನೇರ ತಟ್ಟುತ್ತದೆ. ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆಯಲ್ಲಿ 180ಕ್ಕೆ ಇಳಿದರೆ, 6.3 ಬೇಕಾದ ಹೀಟರಿಗೆ ಐದೂ ಸಿಗುವುದಿಲ್ಲ. ದನಿ ಸೊರಗುತ್ತದೆ, ಹೀಗೇ ದಿನಾ ನಡೆದರೆ ಕ್ಯಾಥೋಡಿಗೂ ಕೇಡು. ಒಂದು ಸ್ಟೆಬಿಲೈಜರ್ ಇಟ್ಟರೆ ಈ ಚಿಂತೆ ಕಳೆಯುತ್ತದೆ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಆಂಪಾದರೆ 120 ವೋಲ್ಟಿನದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಆಂಪಿನ ಮೈಮೇಲೆ ಎರಡನ್ನೂ ಬರೆದಿಲ್ಲದಿದ್ದರೆ ಅದರ ಟ್ರಾನ್ಸ್‌ಫಾರ್ಮರು ಇಲ್ಲಿ ಹೆಚ್ಚು ಬಿಸಿಯಾಗಬಹುದು, ಮೊದಲ ದಿನಗಳಲ್ಲಿ ಕೈಯಿಟ್ಟು ನೋಡುತ್ತಿರಬೇಕು.

ದನಿ ಹೊಂದಿಸುವಾಗ ಒಂದು ಸಂಗತಿ ಗೊತ್ತಿರಲಿ. ತಗ್ಗಿದ ಸದ್ದಿನಲ್ಲಿ ನಮ್ಮ ಕಿವಿಗೆ ಬೇಸು ಕಡಿಮೆ ಕೇಳುತ್ತದೆ, ತುದಿಯ ಟ್ರೆಬಲ್ಲೂ ಅಷ್ಟೆ. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದರು. ರೆಕಾರ್ಡಿನಲ್ಲಿ ಕೇಳಿದ ದನಿ ಮನೆಯಲ್ಲಿ ತೆಳ್ಳಗೆ ಅನ್ನಿಸುವುದರಲ್ಲಿ ಕಿವಿಯ ಪಾಲೂ ಇದೆ. ಹೊರಗಿನ ಪ್ರೀಆಂಪಿನಲ್ಲಿ ಬೇಸನ್ನು ಒಂದು ಗೆರೆ ಹೆಚ್ಚು ಇಡುವುದು ನ್ಯಾಯವೇ. ಅದೇ ಬಿರಡೆಗಳನ್ನು ಹಾಗೇ ಬಿಟ್ಟು ಗಣೇಶೋತ್ಸವದ ವೇದಿಕೆಗೆ ಹೋದರೆ ಬೇಸು ಗುಡುಗಿ ಬೇರೆಲ್ಲವನ್ನೂ ಮುಚ್ಚುತ್ತದೆ. ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಮೂಲೆಯಿಂದ ಈಚೆ, ಕಿವಿಯ ಎತ್ತರಕ್ಕೆ ಇಡಿ. ನಮ್ಮ ಕಡೆಯ ಕಲ್ಲುಚಪ್ಪಡಿಯ ಮನೆಗಳಲ್ಲಿ ದನಿ ಗೋಡೆಗೆ ಬಡಿದು ಮರಳುತ್ತದೆ. ಎದುರು ಗೋಡೆಗೆ ಒಂದು ಕಂಬಳಿ ತೂಗುಹಾಕಿದರೆ ಕಿವಿಗೆ ನೆಮ್ಮದಿ. ರೇಡಿಯೊದ ಸ್ವಂತ ಸ್ಪೀಕರಿನ ಕಾಗದ ಹಾಡಿಗೆ, ವಾರ್ತೆಗೆ ಮಾಡಿದ್ದು, ಗಿಟಾರಿನ ದಪ್ಪ ತಂತಿಯ ಏಟಿಗೆ ಹರಿಯಬಹುದು. ತಾತನ ಸೆಟ್ಟಿನದನ್ನು ಬಿಚ್ಚಿ ಜೋಪಾನವಾಗಿ ಇಟ್ಟಿದ್ದೇನೆ. ಅದರ ಬದಲು ಓಮ್ ಲೆಕ್ಕ ಹೊಂದುವ ಹತ್ತಿಂಚಿನ ಗಿಟಾರ್ ಸ್ಪೀಕರು ಹಲಸಿನ ಹಲಗೆಯ ಬೇರೆ ಪೆಟ್ಟಿಗೆಯಲ್ಲಿ ಕೂತಿದೆ.

ರಾತ್ರಿ ಹತ್ತರ ಮೇಲೆ ಆರು ಮಿಲಿವ್ಯಾಟೂ ಹೆಚ್ಚೇ. ಆಗ ಹುಡುಗ ಪ್ರೀಆಂಪ್ ಒಂದನ್ನೇ ಬಳಸುತ್ತಾನೆ. ಅದರ ದನಿಯನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿಗೆ ಕೊಟ್ಟು ಹೆಡ್‌ಫೋನಿನಲ್ಲಿ ಕೇಳುತ್ತಾನೆ. ಗಿಟಾರ್ ಸ್ಪೀಕರು ಐದು ಕಿಲೋಹರ್ಟ್ಸಿನಿಂದ ಮೇಲಿನದನ್ನು ಬಹುಪಾಲು ಕತ್ತರಿಸಿಬಿಡುತ್ತದೆ, ಹೆಡ್‌ಫೋನು ಕತ್ತರಿಸುವುದಿಲ್ಲ. ಹಾಗಾಗಿ ಒಡೆದ ದನಿ ನೇರ ಕೇಳಿದರೆ ಕೀರಲು. ಸ್ಪೀಕರಿನ ಗುಣವನ್ನು ಸೇರಿಸುವ ಸಾಫ್ಟ್‌ವೇರನ್ನು ನಡುವೆ ಇಟ್ಟರೆ ಸರಿಹೋಗುತ್ತದೆ. ಪವರ್ ವಾಲ್ವಿನ ದನಿಯೇ ಬೇಕೆನ್ನುವವರಿಗೆ ಆಂಪಿಗೂ ಸ್ಪೀಕರಿಗೂ ನಡುವೆ ಇಡುವ ಅಟೆನ್ಯುಯೇಟರ್ ಸಿಗುತ್ತದೆ, ಅದು ಹೆಚ್ಚಿನ ಪವರನ್ನು ಶಾಖ ಮಾಡಿ ಕಳೆಯುತ್ತದೆ. ಐದು ವ್ಯಾಟಿನ ಆಂಪಿಗೆ ಅದು ತೊಂದರೆಯಿಲ್ಲ. ದೊಡ್ಡ ಆಂಪನ್ನು ದಿನವೂ ಪೂರ್ತಿ ತಿರುಗಿಸಿ ಅದರಲ್ಲಿ ಸುಡುವುದು ನನಗೆ ಒಪ್ಪಿಗೆಯಿಲ್ಲ, ಪವರ್ ವಾಲ್ವುಗಳ ಆಯುಸ್ಸು ಬೇಗ ಸವೆಯುತ್ತದೆ.

ವಾಲ್ವು ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸಿಗುತ್ತದೆ. ಸ್ಲೊವಾಕಿಯಾದ ಜೆಜೆ ಕಂಪನಿ, ರಷ್ಯಾದ ಸರಾಟೊವ್, ಚೀನಾ, ಈ ಮೂರು ಕಡೆ ಈಗಲೂ ತಯಾರಾಗುತ್ತಿದೆ. 2022ರಲ್ಲಿ ಯುದ್ಧದ ಹೊತ್ತಿಗೆ ರಷ್ಯಾದ ವಾಲ್ವುಗಳು ಕೆಲಕಾಲ ನಿಂತಾಗ ಗಿಟಾರ್ ಲೋಕವೆಲ್ಲ ಗಾಬರಿಯಾಗಿತ್ತು. ಪ್ರೀಆಂಪಿನ ಇಸಿಸಿ83 ಮೆಲ್ಲಗೆ ಕೆಲಸ ಮಾಡುವ ವಾಲ್ವು, ವರ್ಷಗಟ್ಟಲೆ ಬಾಳುತ್ತದೆ. ಇಎಲ್84 ಬಿಸಿಯಲ್ಲಿ ದುಡಿಯುವುದು, ಬೇಗ ಸವೆಯುತ್ತದೆ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಟಣ್ ಎಂದು ಜೋರಾಗಿ ಕೇಳಿದರೆ ಆ ಇಸಿಸಿ83 ಮೊದಲ ಹಂತಕ್ಕೆ ಬೇಡ. ಬುರುಡೆಯ ತಲೆಯ ಒಳಮೈಯಲ್ಲಿ ಬೆಳ್ಳಿಯ ಹೊಳಪಿನ ಲೇಪ ಇದ್ದರೆ ಒಳಗೆ ಗಾಳಿ ಹೊಕ್ಕಿಲ್ಲ ಎಂದು ತಿಳಿಯಬಹುದು. ಅದು ಹಾಲಿನ ಬಿಳುಪಿಗೆ ತಿರುಗಿದ್ದರೆ ವಾಲ್ವು ಸತ್ತಿದೆ. ಅಟ್ಟದಿಂದ ಇಳಿಸಿದ ಸೆಟ್ಟಿನಲ್ಲಿ ನೀವು ಸ್ವತಃ ನೋಡಬಹುದಾದದ್ದು ಈ ಲೇಪ ಮತ್ತು ಹೆಸರಿನ ಮೊದಲ ಅಕ್ಷರ, ಎರಡೇ. ಅದಕ್ಕೆ ಪ್ಲಗ್ ಹಾಕುವ ಅಗತ್ಯವಿಲ್ಲ.